‘ಚೆನ್ನಾಗಿದ್ದಳು’ ಅಂದರೆ ಏನು?

ಸಂಜೆ ಆರಕ್ಕೆ ಐದು ನಿಮಿಷ. ಬಾಗಿಲಲ್ಲಿ ಒಬ್ಬ ತಾಯಿ ನಿಂತಿದ್ದಾರೆ. ಹೆಗಲ ಮೇಲೆ ಆಫೀಸಿನ ಬ್ಯಾಗು, ಕೈಯಲ್ಲಿ ಇನ್ನೂ ಗುಂಯ್‌ಗುಡುತ್ತಿರುವ ಫೋನು. ನನ್ನ ಸೊಂಟದ ಮೇಲೆ ಅವರ ಮಗು. ಒಳಗೆ ಇನ್ನಿಬ್ಬರು ಒಂದೇ ಆಟದ ಕಾರಿಗೆ ಕಿತ್ತಾಡುತ್ತಿದ್ದಾರೆ. ಒಂದು ಬೂಟು ಸಿಕ್ಕಿದೆ, ಇನ್ನೊಂದು ಸಿಕ್ಕಿಲ್ಲ.

“ಇವತ್ತು ಹೇಗಿದ್ದಳು?”

“ಚೆನ್ನಾಗಿದ್ದಳು.”

ಮನೆಯಲ್ಲೇ ಡೇಕೇರ್ ನಡೆಸಿದ ಆರು ವರ್ಷಗಳಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಬಳಸಿದ ಮಾತು ಇದೇ ಇರಬೇಕು. ಐದು ಮಕ್ಕಳು, ದಿನಕ್ಕೆ ಐದು ಸಲ. ಅದರಲ್ಲಿ ಎಷ್ಟು ಸಲ ನಿಜ ಹೇಳಿದ್ದೆ ಎಂದು ಕೇಳಿದರೆ ತಲೆ ತುರಿಸಿಕೊಳ್ಳಬೇಕಾಗುತ್ತದೆ. ಸುಳ್ಳು ಎನ್ನುವಂಥ ಸುಳ್ಳೇನೂ ಅಲ್ಲ. ಮಗು ಮಧ್ಯಾಹ್ನ ಅರ್ಧ ಗಂಟೆ ಅತ್ತಿರುತ್ತಿತ್ತು, ಆಮೇಲೆ ಬಿದ್ದು ಬಿದ್ದು ನಕ್ಕಿರುತ್ತಿತ್ತು. ಅರ್ಧ ಬಾಟಲಿ ಹಾಲು ಕುಡಿದು ಉಳಿದದ್ದನ್ನು ಇನ್ನೊಂದು ಮಗುವಿನ ತಲೆ ಮೇಲೆ ಸುರಿದಿರುತ್ತಿತ್ತು. ಎಲ್ಲವನ್ನೂ ಒಂದು ಗಂಟು ಕಟ್ಟಿ, ಮೇಲೆ ‘ಚೆನ್ನಾಗಿದ್ದಳು’ ಎಂದು ಚೀಟಿ ಅಂಟಿಸಿ ಕೈಗೆ ಕೊಟ್ಟುಬಿಡುತ್ತಿದ್ದೆ. ಅವರೂ ಬಿಚ್ಚಿ ನೋಡದೆ ತೆಗೆದುಕೊಂಡು ಹೋಗುತ್ತಿದ್ದರು.

ಡೇಕೇರ್ ನಿಲ್ಲಿಸಿ ಸ್ವಲ್ಪ ಕಾಲ ಆಯಿತು. ಆದರೂ ಒಂದು ಮಗುವಿನ ವಿಷಯ ಮನಸ್ಸಿನಿಂದ ಹೋಗಿಲ್ಲ. ಅವಳನ್ನು ಇಲ್ಲಿ ಪುಟ್ಟಿ ಎಂದು ಕರೆಯುತ್ತೇನೆ.

ಪುಟ್ಟಿಗೆ ಆಗ ಹನ್ನೊಂದೂವರೆ ತಿಂಗಳು. ಸೋಫಾ ಹಿಡಿದು ನಿಲ್ಲುತ್ತಿದ್ದಳು. ಒಂದು ಗುರುವಾರ ಬೆಳಿಗ್ಗೆ ಸೋಫಾದ ಅಂಚನ್ನು ಬಿಟ್ಟಳು. ಕೈ ಎರಡನ್ನೂ ಮೇಲೆತ್ತಿಕೊಂಡು, ತೂಕಡಿಸುವ ಮುದುಕಿಯ ಹಾಗೆ ವಾಲುತ್ತಾ ನನ್ನ ಕಡೆ ಮೂರು ಹೆಜ್ಜೆ ಇಟ್ಟಳು. ನಾಲ್ಕನೆಯದಕ್ಕೆ ಕುಕ್ಕರಿಸಿ ಕೂತಳು. ನಾನು ಚಪ್ಪಾಳೆ ತಟ್ಟಿದೆ. ಐದು ವರ್ಷದ ನನ್ನ ಮಗ ಕುಣಿದ. ಕುಣಿದಾಟ ಮುಗಿದ ಮೇಲೆ ನನಗೆ ಅವಳ ಅಮ್ಮ ನೆನಪಾದರು.

ಅವರು ಕೆಲಸಕ್ಕೆ ವಾಪಸ್ ಹೋದ ಮೊದಲ ವಾರಗಳಲ್ಲಿ ಮಗುವನ್ನು ಬಿಟ್ಟು ಬೀದಿಯ ತಿರುವಿನಲ್ಲಿ ನಿಂತು ಅಳುತ್ತಿದ್ದುದನ್ನು ಕಿಟಕಿಯಿಂದ ನೋಡಿದ್ದೆ. ಅಂಥವರಿಗೆ ‘ನಿಮ್ಮ ಮಗಳ ಮೊದಲ ಹೆಜ್ಜೆ ನೋಡಿದ್ದು ನಾನು’ ಎಂದು ಹೇಗೆ ಹೇಳುವುದು? ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಎಷ್ಟೋ ಹೆಂಗಸರು ಇಂಥ ಹೊತ್ತಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಮೊದಲ ಹೆಜ್ಜೆ ಯಾವಾಗಲೂ ಅಪ್ಪ ಅಮ್ಮನ ಕಣ್ಣೆದುರಿಗೇ ಬೀಳಬೇಕು. ಅದಕ್ಕೂ ಮೊದಲು ಬಿದ್ದದ್ದು ಲೆಕ್ಕಕ್ಕಿಲ್ಲ. ನಾನೂ ಸಂಜೆ ಅಷ್ಟೇ ಹೇಳಿದೆ, “ಇನ್ನೇನು ನಡೆದುಬಿಡ್ತಾಳೆ, ನೋಡ್ತಾ ಇರಿ.”

ಶನಿವಾರ ಒಂದು ವಿಡಿಯೋ ಬಂತು. ಪುಟ್ಟಿ, ಮೂರು ಹೆಜ್ಜೆ, ಹಿಂದೆ ಅಮ್ಮನ ಕಿರುಚಾಟ. ‘ಮೊದಲ ಸಲ!’ ಎಂದು ಬರೆದಿದ್ದರು. ‘ಅಯ್ಯೋ, ನಿಜವಾಗ್ಲೂ? ನಾನೇ ಮಿಸ್ ಮಾಡ್ಕೊಂಡೆ!’ ಎಂದು ಉತ್ತರ ಕಳಿಸಿದೆ. ಜೊತೆಗೆ ನಾಲ್ಕು ಕೆಂಪು ಹೃದಯ ಬೇರೆ.

ಸೋಮವಾರ ಬಾಗಿಲಲ್ಲಿ ಅವರು ಅದೇ ಸುದ್ದಿ ಹೇಳುತ್ತಿದ್ದರು. ನನ್ನ ಮಗ ಕಾಲಡಿಯಿಂದ ತಲೆ ಎತ್ತಿ ಹೇಳಿದ, “ಗುರುವಾರಾನೇ ನಡೆದಿದ್ಲು. ನಮ್ಮನೇಲಿ.”

ಅವರು ನಕ್ಕರು. ಆ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿಯಿತು, ಮರೆತು ಆರಿಸದೆ ಹೋದ ದೀಪದ ಹಾಗೆ. ಮಗುವನ್ನು ಕೊಟ್ಟು ಹೋದರು. ರಾತ್ರಿ ಒಂದೇ ಸಾಲಿನ ಮೆಸೇಜ್ ಬಂತು: ‘ಇನ್ನೇನೇನು ನನಗೆ ಹೇಳಿಲ್ಲ?’

ನನಗೆ ಮೊದಲು ಬಂದದ್ದು ಸಿಟ್ಟು. ಅವರ ಸಂಕಟ ತಪ್ಪಿಸಲು ಹೋಗಿ ನಾನೇ ಕೆಟ್ಟವಳಾದೆ, ಅಲ್ವಾ? ಎರಡು ದಿನ ಮುಖ ಗಂಟು ಹಾಕಿಕೊಂಡೇ ಇದ್ದೆ. ಆಮೇಲೆ ನಿಧಾನಕ್ಕೆ ಅರ್ಥವಾಯಿತು. ಹೆಜ್ಜೆಯ ವಿಷಯ ಮುಚ್ಚಿಟ್ಟದ್ದನ್ನು ಅವರು ಕ್ಷಮಿಸಬಹುದಿತ್ತು. ಅವರನ್ನು ಹೆದರಿಸಿದ್ದು ಆ ಕೆಂಪು ಹೃದಯಗಳು. ಒಳ್ಳೆ ಸುದ್ದಿಯ ಬಗ್ಗೆ ಇಷ್ಟು ಚೆನ್ನಾಗಿ ನಾಟಕ ಆಡಬಲ್ಲವಳು ಕೆಟ್ಟ ಸುದ್ದಿಯ ಬಗ್ಗೆ ಇನ್ನೆಷ್ಟು ಚೆನ್ನಾಗಿ ಆಡಬಹುದು? ಮಾತು ಬಾರದ ಮಗುವನ್ನು ಹತ್ತು ಗಂಟೆ ನನ್ನ ಕೈಯಲ್ಲಿ ಬಿಟ್ಟು ಹೋಗುವ ತಾಯಿಗೆ ನನ್ನ ಮಾತೊಂದೇ ಕಿಟಕಿ. ಆ ಗಾಜಿಗೆ ನಾನೇ ಬಣ್ಣ ಬಳಿದಿದ್ದೆ.

ಹಾಗಂತ ಸುಳ್ಳು ಒಂದೇ ಕಡೆಯದ್ದಲ್ಲ. ಡೇಕೇರ್ ನಡೆಸಿದವರಿಗೆಲ್ಲ ಗೊತ್ತಿರುವ ಒಂದು ಕಾಯಿಲೆ ಇದೆ. ನಾನು ಅದಕ್ಕೆ ‘ಹನ್ನೊಂದೂವರೆ ಜ್ವರ’ ಎಂದು ಹೆಸರಿಟ್ಟಿದ್ದೆ. ಮಗು ಬೆಳಿಗ್ಗೆ ಬರುವಾಗ ನಗುನಗುತ್ತಾ ಬರುತ್ತದೆ, ಕೆನ್ನೆ ಮಾತ್ರ ಸ್ವಲ್ಪ ಕೆಂಪು. ಹನ್ನೊಂದೂವರೆ ಹೊತ್ತಿಗೆ ಮೈ ಕೆಂಡ. ಪ್ಯಾರಾಸಿಟಮಾಲ್ ಪ್ರಭಾವ ಇರುವುದು 4ರಿಂದ 6 ಗಂಟೆ. ಏಳು ಗಂಟೆಗೆ ಹಾಕಿದ ಸಿರಪ್ ಎಷ್ಟು ಹೊತ್ತಿಗೆ ಕೈಕೊಡುತ್ತದೆ ಎಂದು ಲೆಕ್ಕ ಹಾಕಲು ಡಾಕ್ಟರೇ ಆಗಬೇಕಿಲ್ಲ. ಫೋನ್ ಮಾಡಿದರೆ ಆ ಕಡೆಯಿಂದ ಬರುವ ಉತ್ತರವೂ ಗೊತ್ತಿರುವುದೇ: “ಅಯ್ಯೋ ಹೌದಾ? ಬೆಳಿಗ್ಗೆ ಚೆನ್ನಾಗಿದ್ದನಲ್ಲ!”

ಅದೇ ಮಾತು ನೋಡಿ. ಸಂಜೆ ನಾನು ಹೇಳುತ್ತಿದ್ದುದನ್ನು ಬೆಳಿಗ್ಗೆ ಅವರು ಹೇಳುತ್ತಿದ್ದರು.

ಇದು ಬರೀ ಬೇಜಾರಿನ ವಿಷಯವಲ್ಲ. ಬೆಳಿಗ್ಗೆ ಔಷಧಿ ಹಾಕಿದ್ದು ನನಗೆ ಗೊತ್ತಿಲ್ಲದಿದ್ದರೆ, ಅವರ ಒಪ್ಪಿಗೆ ಕೇಳಿಯೇ ನಾನು ಇನ್ನೊಂದು ಡೋಸ್ ಹಾಕಿದರೂ ಅದು ತೀರಾ ಬೇಗ ಆಗಬಹುದು. ಮಗುವಿಗೆ ಡೋಸ್ ತೂಕದ ಮೇಲೆ, ಎರಡು ಡೋಸ್ ನಡುವಿನ ಅಂತರದ ಮೇಲೆ ನಿಂತಿರುತ್ತದೆ. ಅದಕ್ಕೇ ಔಷಧಿಯ ವಿಷಯದಲ್ಲಿ ಮಾತ್ರ ನಾನು ಯಾರಿಗೂ ರಿಯಾಯಿತಿ ಕೊಡಲಿಲ್ಲ. ಏನು, ಎಷ್ಟು, ಎಷ್ಟು ಗಂಟೆಗೆ ಎಂದು ಬರೆದು ಕೊಡಬೇಕು. ಬಾಟಲಿ ಅದರ ಲೇಬಲ್ ಸಮೇತ ಬರಬೇಕು.

ಆದರೆ ಬೈಯುವ ಮೊದಲು ನನ್ನ ಕಥೆಯನ್ನೂ ಹೇಳಬೇಕು. ನನ್ನ ಮಗನಿಗೆ ಎರಡು ವರ್ಷವಾಗಿದ್ದಾಗ ನಾನೂ ಕೆಲಸಕ್ಕೆ ಹೋಗುತ್ತಿದ್ದೆ, ಅವನನ್ನು ಬೇರೊಬ್ಬರ ಮನೆಯಲ್ಲಿ ಬಿಡುತ್ತಿದ್ದೆ. ಒಂದು ದಿನ ಬೆಳಿಗ್ಗೆ ಅವನ ಹಣೆ ಬಿಸಿಯಿತ್ತು. ನನ್ನ ರಜೆ ಮುಗಿದಿತ್ತು. ಹತ್ತು ಗಂಟೆಗೆ ತಪ್ಪಿಸಲಾಗದ ಮೀಟಿಂಗ್ ಇತ್ತು. ಥರ್ಮಾಮೀಟರ್ ತೆಗೆಯಲೇ ಇಲ್ಲ, ಯಾಕೆಂದರೆ 38 ಡಿಗ್ರಿ ಎಂದು ಕಣ್ಣಾರೆ ನೋಡಿಬಿಟ್ಟರೆ ಆಮೇಲೆ ಹೇಳುವುದು ಅಪ್ಪಟ ಸುಳ್ಳಾಗುತ್ತದೆ. ಸಿರಪ್ ಹಾಕಿದೆ, ಬಿಟ್ಟು ಬಂದೆ. ಮಧ್ಯಾಹ್ನ ಅವರು ಫೋನ್ ಮಾಡಿದಾಗ ನಾನು ಹೇಳಿದ್ದೂ ಅದೇ. ಬೆಳಿಗ್ಗೆ ಚೆನ್ನಾಗಿದ್ದ.

ಹಾಗಾಗಿ ಹನ್ನೊಂದೂವರೆ ಜ್ವರದ ತಾಯಂದಿರ ಮೇಲೆ ನನಗೆ ಪೂರ್ತಿ ಕೋಪ ಬರುವುದೇ ಇಲ್ಲ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ಸಲ ನೆಗಡಿ ಆಗುವುದು ಮಾಮೂಲು. ನಾಲ್ಕು ಮಕ್ಕಳ ಜೊತೆ ಸೇರಿದ ಮೊದಲ ವರ್ಷ ಇನ್ನೂ ಜಾಸ್ತಿ. ಔಷಧಿ ಇಲ್ಲದೆ 24 ಗಂಟೆ ಜ್ವರ ಬಿಟ್ಟಿರಬೇಕು, ವಾಂತಿ ಭೇದಿ ನಿಂತು 48 ಗಂಟೆ ಆಗಿರಬೇಕು ಎಂಬ ನಿಯಮ ಹಲವು ಕಡೆ ಇದೆ, ನನ್ನ ಮನೆಯಲ್ಲೂ ಇತ್ತು. ಸರಿಯಾದ ನಿಯಮವೇ. ಆದರೆ ಇದನ್ನು ಅಪ್ಪ ಅಮ್ಮನ ರಜೆಯ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಿ. ಕೂಡುವುದೇ ಇಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರು ಕೂಡ, ಕೂಸಿಗೆ ಜ್ವರ ಬಂದ ದಿನ ಯಾರು ಮನೆಯಲ್ಲಿರುವುದು ಎಂದು ಗಂಡ ಹೆಂಡತಿ ಕೂತು ಮಾತಾಡಿರುವುದಿಲ್ಲ. ಆ ಮಾತು ಮೊದಲು ನಡೆಯುವುದು ನಾನು ಫೋನ್ ಮಾಡಿದ ಮೇಲೆ, ಇಬ್ಬರೂ ಆಫೀಸಿನಲ್ಲಿರುವಾಗ, ಪಿಸುಗುಟ್ಟುವ ದನಿಯಲ್ಲಿ.

ಇನ್ನು ಲೇಟಾಗಿ ಬರುವವರ ವಿಷಯ. ಇದನ್ನು ಬರೆಯಲು ಕೂತರೆ ಬೇರೆ ಏನನ್ನೂ ಬರೆಯಲು ಆಗುವುದಿಲ್ಲ, ಅಷ್ಟಿದೆ. ಒಂದು ಹಂತದಲ್ಲಿ ರೋಸಿ ಹೋಗಿ ದಂಡ ಹಾಕಿದೆ. ಹತ್ತು ನಿಮಿಷ ದಾಟಿದರೆ ಇಷ್ಟು ಎಂದು. ಮೊದಲ ವಾರವೇ ಒಬ್ಬರು ಇಪ್ಪತ್ತೈದು ನಿಮಿಷ ಲೇಟಾಗಿ ಬಂದು, ದುಡ್ಡು ಕೊಟ್ಟು, ನಗುತ್ತಾ ಹೋದರು. ಮೊದಲೆಲ್ಲ ಅವರು ಲೇಟಾದರೆ ಓಡಿ ಬರುತ್ತಿದ್ದರು, ಸಾರಿ ಕೇಳುತ್ತಿದ್ದರು. ಈಗ ಸಾರಿಯೂ ಇಲ್ಲ. ಮುಂದಿನ ತಿಂಗಳ ಹೊತ್ತಿಗೆ ಇಬ್ಬರು ಹೀಗಾದರು.

ಆಮೇಲೆ ಎಲ್ಲೋ ಓದಿದೆ, ಇದು ನನ್ನೊಬ್ಬಳ ಅನುಭವ ಅಲ್ಲ. ಉರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಕಿನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇಸ್ರೇಲಿನ ಹೈಫಾ ನಗರದ 10 ಡೇಕೇರ್‌ಗಳನ್ನು 20 ವಾರ ಗಮನಿಸಿದ್ದರು. ಮೊದಲ ನಾಲ್ಕು ವಾರ ಸುಮ್ನೆ ಲೆಕ್ಕ ಇಟ್ಟುಕೊಂಡರು. ಆಮೇಲೆ ಆರು ಕಡೆ ಲೇಟಾದವರಿಗೆ ದಂಡ ಹಾಕಿಸಿದರು. ಲೇಟಾಗುವವರು ಕಡಿಮೆಯಾಗುವ ಬದಲು ಸುಮಾರು ಎರಡು ಪಟ್ಟಾದರು. ಕೊನೆಯ ವಾರಗಳಲ್ಲಿ ದಂಡ ತೆಗೆದರೂ ಸಂಖ್ಯೆ ಇಳಿಯಲಿಲ್ಲ. 2000ದಲ್ಲಿ ಇದು ಪ್ರಕಟವಾಯಿತು. ದಂಡ ಅನ್ನುವುದು ಅಪ್ಪ ಅಮ್ಮನಿಗೆ ಬೆಲೆಯ ಹಾಗೆ ಕಂಡಿತ್ತು. ದುಡ್ಡು ಕೊಟ್ಟು ಕೊಂಡುಕೊಂಡದ್ದಕ್ಕೆ ಯಾರು ನಾಚುತ್ತಾರೆ?

ನಾನೂ ದಂಡ ತೆಗೆದೆ. ನಾಚಿಕೆ ಮಾತ್ರ ವಾಪಸ್ ಬರಲಿಲ್ಲ. ಕೊನೆಗೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಳಬೇಕಾಯಿತು. “ಆರು ಗಂಟೆಗೆ ಇದು ಮತ್ತೆ ನನ್ನ ಮನೆ ಆಗುತ್ತೆ. ನನ್ನ ಮಗ ಬೆಳಗಿಂದ ಅವನ ಆಟದ ಸಾಮಾನು, ಅವನ ರೂಮು, ಅವನ ಅಮ್ಮನನ್ನು ಐದು ಮಕ್ಕಳ ಜೊತೆ ಹಂಚಿಕೊಂಡಿದ್ದಾನೆ. ಆರರ ನಂತರದ್ದು ಅವನ ಪಾಲು.” ಇದನ್ನು ಕೇಳಿ ಒಬ್ಬ ಅಪ್ಪ ನಿಜಕ್ಕೂ ಬೆರಗಾದರು. ಎರಡು ವರ್ಷದಿಂದ ಬರುತ್ತಿದ್ದವರು. ನನಗೂ ಒಂದು ಸಂಜೆ ಇದೆ ಎಂದು ಅವರಿಗೆ ಹೊಳೆದೇ ಇರಲಿಲ್ಲ. ಅವರ ತಪ್ಪು ಅರ್ಧ. ಉಳಿದರ್ಧ ನನ್ನದು, ಎರಡು ವರ್ಷ “ಪರವಾಗಿಲ್ಲ ಬಿಡಿ” ಎಂದವಳು ನಾನೇ ತಾನೇ.

ಮನೆಯಲ್ಲಿ ನಡೆಸುವ ಡೇಕೇರ್‌ನ ತೊಂದರೆ ಇಲ್ಲೇ ಇದೆ. ದೊಡ್ಡ ಸಂಸ್ಥೆಯಾದರೆ ಬೋರ್ಡು, ರಸೀದಿ, ನಿಯಮದ ಪುಸ್ತಕ ಇರುತ್ತದೆ. ಇಲ್ಲಿ ಇರುವುದು ಮನೆ. ಮನೆ ಅಂದ ತಕ್ಷಣ ದಾಕ್ಷಿಣ್ಯ ಬಂದು ನಡುವೆ ಕೂತುಕೊಳ್ಳುತ್ತದೆ. ‘ನೀವು ನಮ್ಮನೆಯವರ ಥರ’ ಎಂದು ಅವರು ಹೇಳಿದ ಮೇಲೆ ಫೀಸ್ ಜಾಸ್ತಿ ಮಾಡುತ್ತೇನೆ ಎಂದು ಹೇಗೆ ಹೇಳುವುದು? ನನಗೂ ವರ್ಷಕ್ಕೆ ಎರಡು ವಾರ ರಜೆ ಬೇಕು, ಆ ರಜೆಗೂ ಸಂಬಳ ಬೇಕು ಎನ್ನುವುದು ಹೇಗೆ? ಅವರಿಗೂ ಅಷ್ಟೇ ಕಷ್ಟ. ನನ್ನ ಮನೆಯಲ್ಲಿ ಟಿವಿ ಎಷ್ಟು ಹೊತ್ತು ಓಡುತ್ತದೆ ಎಂದು ಕೇಳಿದರೆ ನನ್ನ ಮೇಲೆ ಅನುಮಾನಪಟ್ಟ ಹಾಗೆ. ಮಗುವಿಗೆ ಬೇರೆಯವರ ಬಟ್ಟೆ ಹಾಕಿ ಕಳಿಸಿದಿರಿ ಎಂದರೆ ಸಣ್ಣತನ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ ಎನ್ನುತ್ತಾರಲ್ಲ, ಹಾಗೆ. ಎರಡೂ ಕಡೆ ನುಂಗಿದ ಮಾತುಗಳು ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಬೆಳೆದು, ಒಂದು ದಿನ ಕಳೆದುಹೋದ ಸಾಕ್ಸ್ ನೆಪದಲ್ಲಿ ಹೊರಗೆ ಬರುತ್ತವೆ. ಸಾಕ್ಸ್ ಜಗಳ ಎಂದಾದರೂ ಸಾಕ್ಸಿಗಾಗಿ ನಡೆದದ್ದನ್ನು ನಾನು ನೋಡಿಲ್ಲ.

ಒಂದೆರಡು ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಸಲ್ಲದು ಎಂದು ಮೊದಲಿನಿಂದಲೂ ಹಟ ಹಿಡಿದಿದ್ದೆ. ನಾಲ್ಕು ತಿಂಗಳ ಮಗುವನ್ನು ತಂದ ಒಬ್ಬರು, “ಇವನು ಬೋರಲು ಮಲಗಿಸಿದರೇ ನಿದ್ದೆ ಮಾಡೋದು, ಹಾಗೇ ಮಾಡಿ” ಎಂದರು. ಆಗಲ್ಲ ಎಂದೆ. ಒಂದು ವರ್ಷ ತುಂಬುವವರೆಗೆ ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆ, ದಿಂಬಿಲ್ಲ, ಸಡಿಲವಾದ ಹೊದಿಕೆ ಇಲ್ಲ. ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಅಂಗಾತ ಮಲಗಿಸಿ ಎಂಬ ಪ್ರಚಾರ ಶುರುವಾದ ಮುಂದಿನ ವರ್ಷಗಳಲ್ಲಿ ನಿದ್ದೆಯಲ್ಲೇ ಇದ್ದಕ್ಕಿದ್ದಂತೆ ಸಾಯುವ ಕೂಸುಗಳ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಅವರಿಗೆ ಇದನ್ನು ಹೇಳಿದೆ. ಮುಖ ಸಣ್ಣದಾಯಿತು. ಒಂದು ವಾರ ಮಗು ನನ್ನ ಪ್ರಾಣ ತಿಂದಿತು, ಆಮೇಲೆ ಮಲಗಿತು.

ದೊಡ್ಡ ಮಕ್ಕಳ ನಿದ್ದೆಯಲ್ಲಿ ಹೀಗೆ ಹಟ ಹಿಡಿಯಲಾಗುವುದಿಲ್ಲ. “ಮಧ್ಯಾಹ್ನ ಮಲಗಿಸಬೇಡಿ, ರಾತ್ರಿ ಹನ್ನೊಂದಾದರೂ ಎದ್ದಿರ್ತಾನೆ” ಎನ್ನುತ್ತಾರೆ. ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಮಧ್ಯಾಹ್ನದ್ದೂ ಸೇರಿ, ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆದರೆ ರಾತ್ರಿ ಹನ್ನೊಂದಕ್ಕೆ ಎದ್ದಿರುವ ಮಗುವನ್ನು ಎತ್ತಿಕೊಂಡು ಓಡಾಡುವುದು ನಾನಲ್ಲ, ಅವರು. ಆದ್ದರಿಂದ ಅಲ್ಲಿ ಚೌಕಾಸಿ ನಡೆಯುತ್ತಿತ್ತು. ಒಂದು ಗಂಟೆ, ಅಲ್ಲಲ್ಲ, ಮುಕ್ಕಾಲು ಗಂಟೆ.

ಸರಿ, ಎಲ್ಲವನ್ನೂ ಹೇಳಿಬಿಡಬೇಕು ಎಂದು ನನಗೆ ಅನ್ನಿಸಿತ್ತೇ? ಇಲ್ಲ. ಒಂದರಿಂದ ಮೂರು ವರ್ಷದ ಮಕ್ಕಳು ಕಚ್ಚುತ್ತಾರೆ. ಮಾತು ಬರುವ ಮೊದಲು ಹಲ್ಲು ಬಂದಿರುತ್ತದೆ, ಅಷ್ಟೇ ಕಾರಣ. ಕಚ್ಚಿಸಿಕೊಂಡ ಮಗುವಿನ ತಾಯಿ ಮೊದಲು ಕೇಳುವುದು “ಯಾರು?” ಎಂದು. ನಾನು ಎಂದೂ ಹೆಸರು ಹೇಳಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ನಿಜ, ಆದರೆ ಬೇರೆಯವರ ಹೆಗ್ಗಣ ಯಾರಿಗೂ ಮುದ್ದಲ್ಲ. ಹೆಸರು ಹೇಳಿದ ಮರುದಿನದಿಂದ ಬಾಗಿಲಲ್ಲಿ ಆ ಮಗುವನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಮೊದಲೆಲ್ಲ “ನಾನು ಸರಿಯಾಗಿ ನೋಡಲಿಲ್ಲ” ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಪುಟ್ಟಿಯ ಪ್ರಸಂಗದ ನಂತರ, “ಯಾರು ಅಂತ ಗೊತ್ತು, ಹೇಳಲ್ಲ. ನಾಳೆ ನಿಮ್ಮ ಮಗು ಕಚ್ಚಿದರೂ ಹೇಳಲ್ಲ” ಎನ್ನಲು ಕಲಿತೆ. ಯಾರಿಗೂ ಅದು ಇಷ್ಟವಾಗಲಿಲ್ಲ. ಆದರೆ ಯಾರೂ ನನ್ನನ್ನು ಅನುಮಾನಿಸಲಿಲ್ಲ.

ನನಗೆ ಹೇಳದೆ ಉಳಿಸಿದ್ದರಲ್ಲಿ ಒಂದು ಈಗಲೂ ಚುಚ್ಚುತ್ತದೆ. ಮೂರು ವರ್ಷದ ಒಬ್ಬ ಹುಡುಗ, ಮಾತಿನ ಮಲ್ಲ. ಒಂದು ಸೋಮವಾರದಿಂದ ಮಾತು ನಿಂತಿತು. ಎಷ್ಟೋ ತಿಂಗಳ ಹಿಂದೆ ಬಿಟ್ಟಿದ್ದ ಡೈಪರ್ ಮತ್ತೆ ಬೇಕಾಯಿತು. ಚಡ್ಡಿ ಒದ್ದೆ ಮಾಡಿಕೊಂಡು ಬಾಗಿಲ ಹಿಂದೆ ನಿಲ್ಲುತ್ತಿದ್ದ. ನಾನು ಮೂರನೇ ದಿನ, “ಇಷ್ಟು ದೊಡ್ಡವನಾಗಿ ಹೀಗಾ?” ಎಂದು ಗದರಿದೆ. ಮೂರು ವಾರದ ಮೇಲೆ ತಿಳಿಯಿತು, ಅವನ ಅಪ್ಪ ಮನೆ ಬಿಟ್ಟು ಹೋಗಿದ್ದರು. ಅವನ ತಾಯಿ ದಿನಾ ಬೆಳಿಗ್ಗೆ ನನ್ನ ಮುಂದೆ ನಿಂತು “ಚೆನ್ನಾಗಿದ್ದಾನೆ” ಎಂದು ಹೇಳಿ ಹೋಗುತ್ತಿದ್ದರು. ಅವರಿಗೆ ನಾಚಿಕೆ. ನಾನು ನಾಲ್ಕು ಮನೆಗೆ ಹೇಳುತ್ತೇನೇನೋ ಎಂಬ ಭಯ. ‘ಮನೆಯಲ್ಲಿ ಸ್ವಲ್ಪ ಕಷ್ಟ ನಡೀತಿದೆ, ಅವನನ್ನು ಸ್ವಲ್ಪ ಮೆತ್ತಗೆ ನೋಡಿಕೊಳ್ಳಿ’ ಎಂದಿದ್ದರೂ ಸಾಕಿತ್ತು. ಆ ಒಂದು ಗದರಿಕೆ ನನ್ನ ಬಾಯಲ್ಲೇ ಉಳಿಯುತ್ತಿತ್ತು.

ಆದರೆ ನಾನೂ ಅವರನ್ನು ಕೂರಿಸಿಕೊಂಡು ಕೇಳಿರಲಿಲ್ಲ. ಬಾಗಿಲಲ್ಲಿ ನಿಂತು, ಮಗುವಿನ ತಲೆಯ ಮೇಲಿಂದ, ಅರ್ಧ ನಿಮಿಷದಲ್ಲಿ ಯಾರು ಇದನ್ನೆಲ್ಲ ಹೇಳುತ್ತಾರೆ? ಸಂಜೆಯ ಹೊತ್ತಂತೂ ಮಾತಿಗೆ ಆಗಿಬರುವುದೇ ಇಲ್ಲ. ಇಡೀ ದಿನ ಆಡಿಕೊಂಡಿದ್ದ ಮಗು ಅಮ್ಮನ ಮುಖ ಕಂಡ ತಕ್ಷಣ ಗೊಳೋ ಎನ್ನುತ್ತದೆ. ಅಮ್ಮನಿಗೆ ಅನುಮಾನ, ನನಗೆ ಮುಜುಗರ. 1970ರ ಸುಮಾರಿಗೆ ಮೇರಿ ಐನ್ಸ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞೆ ಒಂದು ವರ್ಷದ ಮಕ್ಕಳನ್ನು ಗಮನಿಸುವಾಗ, ಅಮ್ಮ ಬಿಟ್ಟು ಹೋದಾಗ ಮಗು ಎಷ್ಟು ಅಳುತ್ತದೆ ಎನ್ನುವುದಕ್ಕಿಂತ ವಾಪಸ್ ಬಂದಾಗ ಏನು ಮಾಡುತ್ತದೆ ಎನ್ನುವುದನ್ನೇ ಹೆಚ್ಚು ನೋಡಿದರು. ಅಳುತ್ತಾ ಬಂದು ತಬ್ಬಿಕೊಂಡು, ಅಲ್ಲೇ ಸಮಾಧಾನ ಆಗುವ ಮಗುವಿಗೆ ಅಮ್ಮನ ಮೇಲೆ ನಂಬಿಕೆ ಗಟ್ಟಿಯಾಗಿದೆ ಎಂದರು. ಇದನ್ನು ನಾನು ಎಷ್ಟೋ ತಾಯಂದಿರಿಗೆ ಹೇಳಿದ್ದೇನೆ. ಅದೂ ಬಾಗಿಲಲ್ಲಿ, ಮಗುವಿನ ಅಳುವಿಗಿಂತ ಜೋರು ದನಿಯಲ್ಲಿ. ಯಾರಿಗೆ ಕೇಳಿಸಿತೋ ಗೊತ್ತಿಲ್ಲ.

ಪುಟ್ಟಿಯ ಅಮ್ಮನಿಗೆ ನಾನು ಮೆಸೇಜಿನಲ್ಲಿ ಉತ್ತರ ಕೊಡಲಿಲ್ಲ. ಬುಧವಾರ ಮಧ್ಯಾಹ್ನ ಮಕ್ಕಳೆಲ್ಲ ಮಲಗಿದ್ದಾಗ ಫೋನ್ ಮಾಡಿದೆ. ಹೇಳದೆ ಬಿಟ್ಟದ್ದನ್ನೆಲ್ಲ ಹೇಳಿದೆ. ಒಂದು ಸಲ ಟೇಬಲ್ ಕಾಲಿಗೆ ಹಣೆ ತಾಗಿತ್ತು, ಗುರುತು ಬೀಳಲಿಲ್ಲವೆಂದು ಹೇಳಿರಲಿಲ್ಲ. ಒಂದು ಮಧ್ಯಾಹ್ನ ನನಗೆ ತಲೆನೋವು ತಡೆಯಲಾಗದೆ ಒಂದು ಗಂಟೆ ಟಿವಿ ಹಾಕಿ ಬಿಟ್ಟಿದ್ದೆ. ಇಷ್ಟೇ. ಹೇಳಿ ಮುಗಿಸಿದಾಗ ಪಟ್ಟಿ ಬಹಳ ಸಣ್ಣದು ಅನ್ನಿಸಿತು. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಅವರು, “ನನಗೆ ಮೊದಲನೆಯದೆಲ್ಲ ಬೇಡ. ಮೊದಲ ಮಾತು, ಮೊದಲ ಹಲ್ಲು, ನೀವು ನೋಡಿದರೆ ನಿಮ್ಮಲ್ಲೇ ಇಟ್ಟುಕೊಳ್ಳಿ, ನಾನು ಕೇಳಲ್ಲ. ಬಿದ್ದದ್ದು, ಅತ್ತದ್ದು ಮಾತ್ರ ಹೇಳಿ” ಎಂದರು. ನಾನು ಅಂದುಕೊಂಡಿದ್ದಕ್ಕೆ ಪೂರ್ತಿ ಉಲ್ಟಾ.

ಆಮೇಲಿಂದ ಹೊಸ ಮಗು ಸೇರುವ ದಿನ ಈ ಪ್ರಶ್ನೆಯನ್ನು ಎಲ್ಲರಿಗೂ ಕೇಳುತ್ತಿದ್ದೆ. ಏನನ್ನು ಹೇಳಲಿ, ಏನು ಬೇಡ? ಉತ್ತರಗಳು ಒಂದರ ಹಾಗೆ ಒಂದು ಇರುತ್ತಿರಲಿಲ್ಲ. ಒಬ್ಬರಿಗೆ ಎಲ್ಲದರ ಫೋಟೋ ಬೇಕು. ಇನ್ನೊಬ್ಬರಿಗೆ ಕೆಲಸದ ನಡುವೆ ಫೋಟೋ ಬಂದರೆ ಮನಸ್ಸು ಕದಡುತ್ತದೆ, ಬೇಡ. ಒಬ್ಬ ಅಪ್ಪ, “ಡೈಪರ್ ಎಷ್ಟು ಅಂತ ಹೇಳಿದರೆ ಸಾಕು, ಉಳಿದದ್ದು ನನ್ನ ಹೆಂಡತಿ ವಿಚಾರಿಸ್ತಾಳೆ” ಎಂದರು. ಅವರಿಗೆ ದಿನಾ ಡೈಪರ್ ಸಂಖ್ಯೆ ಹೇಳುತ್ತಿದ್ದೆ, ಅಷ್ಟೇ ಗಂಭೀರವಾಗಿ.

ಫೋನ್ ಮಾಡಿದ ಮಾರನೇ ದಿನ ಸಂಜೆ ಪುಟ್ಟಿಯ ಅಮ್ಮ ಮಾಮೂಲಿನಂತೆ ಬಾಗಿಲಿಗೆ ಬಂದರು. ಹೇಗಿದ್ದಳು ಎಂದರು. “ಮೂರು ಗಂಟೆಯಿಂದ ಅರ್ಧ ಗಂಟೆ ಅತ್ತಳು. ಯಾಕೆ ಅಂತ ನನಗೆ ಗೊತ್ತಾಗಲಿಲ್ಲ” ಎಂದೆ. ಅವರು ಬ್ಯಾಗು ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತರು. “ರಾತ್ರಿಯೂ ಅತ್ತಳು. ನನಗೂ ಗೊತ್ತಾಗಲಿಲ್ಲ” ಎಂದರು. ನಾನೂ ಪಕ್ಕದಲ್ಲಿ ಕೂತೆ. ಪುಟ್ಟಿ ನಮ್ಮಿಬ್ಬರ ಮಂಡಿ ಹಿಡಿದುಕೊಂಡು, ಇವರ ಕಡೆಯಿಂದ ನನ್ನ ಕಡೆಗೆ, ನನ್ನ ಕಡೆಯಿಂದ ಇವರ ಕಡೆಗೆ ನಡೆಯುತ್ತಿದ್ದಳು. ಕೆಳಗಿನ ವಸಡು ಊದಿದ್ದನ್ನು ಮೊದಲು ನೋಡಿದ್ದು ಯಾರು ಎಂದು ಈಗ ನೆನಪಿಲ್ಲ.